ನೀರುದೋಸೆಯಷ್ಟು ದಪ್ಪದ ಲೋಕ: ಹುಳ, ಹನಿ, ಅಡಿಕೆ ಹೋಳಿನ ಫೋಟೊ ತೆಗೆಯುವ ಬಗೆ

ಹತ್ತು ಹದಿನೈದು ಸಾವಿರದ ಮೊಬೈಲಿನಲ್ಲೂ ಈಗ ಕ್ಯಾಮೆರಾ ತೆರೆದರೆ ಮೂಲೆಯಲ್ಲೊಂದು ಪುಟ್ಟ ಹೂವಿನ ಚಿಹ್ನೆ ಕಾಣುತ್ತದೆ. ಅದು ಮ್ಯಾಕ್ರೊ, ಅಂದರೆ ತೀರಾ ಹತ್ತಿರದಿಂದ ಫೋಟೊ ತೆಗೆಯುವ ವ್ಯವಸ್ಥೆ. ಜೂನಿನ ಮಳೆ ಹಿಡಿದು, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಅಂಗಳದ ಬದಿಯ ಕೆಸು, ತೋಟದ ತೋಡು, ಗುಡ್ಡೆಯ ಮುರಕಲ್ಲು ಎಲ್ಲವೂ ಹಸಿರೇರಿ ಹುಳಹುಪ್ಪಟೆಗಳಿಂದ ತುಂಬುವ ಹೊತ್ತಿಗೆ ಮನೆಯಲ್ಲಿ ಯಾರಾದರೊಬ್ಬರು ಆ ಹೂವನ್ನು ಒತ್ತಿ ನೋಡಿರುತ್ತಾರೆ. ಚಿತ್ರ ಮಸುಕಾಗಿ ಬರುತ್ತದೆ; ಇಲ್ಲವೇ ಹುಳದ ಬೆನ್ನು ಸ್ಪಷ್ಟವಾಗಿ, ಕಣ್ಣು ಮಂಜಾಗಿರುತ್ತದೆ; ಇಲ್ಲವೇ ಮೊಬೈಲಿನ ನೆರಳೇ ಹುಳದ ಮೇಲೆ ಬಿದ್ದಿರುತ್ತದೆ. ದೊಡ್ಡ ಕ್ಯಾಮೆರಾ ಬೇಕಿತ್ತು ಎಂದುಕೊಂಡು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಇಲ್ಲಿ ಕ್ಯಾಮೆರಾದ ತಪ್ಪು ಕಡಿಮೆ. ವಸ್ತುವಿಗೆ ಹತ್ತಿರವಾದಂತೆ ಬೆಳಕಿನ ಮತ್ತು ಸ್ಪಷ್ಟತೆಯ ಲೆಕ್ಕವೇ ಬೇರೆಯಾಗುತ್ತದೆ. ಆ ಲೆಕ್ಕ ತಿಳಿದವರಿಗೆ ಮೊಬೈಲೂ ಸಾಕಾಗುತ್ತದೆ, ತಿಳಿಯದವರಿಗೆ ಲಕ್ಷದ ಲೆನ್ಸೂ ಸಾಲದು.

2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಆದ ಮರ, ಹಕ್ಕಿ, ಹೂವು ಮತ್ತು ಜೀವಿಯನ್ನು ಘೋಷಿಸಿತು. ಜಿಲ್ಲೆಯೊಂದು ಹೀಗೆ ಮಾಡಿದ್ದು ದೇಶದಲ್ಲಿ ಅದೇ ಮೊದಲು. ಕಾಸರಕ, ಬಿಳಿಹೊಟ್ಟೆಯ ಕಡಲಹದ್ದು, ಪೆರಿಯ ಪೊಲತ್ತಾಳಿ ಹೂ, ಪಾಲಪ್ಪೂವನ್ ಎಂಬ ದೈತ್ಯ ಮೆದುಚಿಪ್ಪಿನ ಆಮೆ. ನಾಲ್ಕೂ ಬರಿಗಣ್ಣಿಗೆ ಕಾಣುವಂಥವು. ಅದೇ ಕಾಸರಕದ ಎಲೆಯ ಅಡಿಯಲ್ಲಿ 4 ಮಿ.ಮೀ. ಉದ್ದದ ಜೇಡವೊಂದು ಎಂಟು ಕಣ್ಣು ಬಿಟ್ಟು ಕುಳಿತಿದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಮ್ಯಾಕ್ರೊ ಹುಡುಕುವುದು ಅದನ್ನು.

## ಮ್ಯಾಕ್ರೊ ಅಂದರೆ ಎಷ್ಟು ಹತ್ತಿರ?

ಲೆನ್ಸಿನ ಹಿಂದೆ, ಹಿಂದೆಲ್ಲ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ, ಈಗ ಸೆನ್ಸರ್ ಎಂಬ ಬಿಲ್ಲೆ ಇದೆ. ಲೆನ್ಸ್ ಮೂಡಿಸಿದ ಬಿಂಬ ಬೀಳುವುದು ಅದರ ಮೇಲೆ. 10 ಮಿ.ಮೀ. ಉದ್ದದ ಚಗಳಿ ಇರುವೆಯ ಬಿಂಬ ಸೆನ್ಸರಿನ ಮೇಲೂ 10 ಮಿ.ಮೀ. ಉದ್ದಕ್ಕೆ ಬಿದ್ದರೆ ಅದನ್ನು 1:1 ಎನ್ನುತ್ತಾರೆ. ನಿಜವಾದ ಮ್ಯಾಕ್ರೊ ಎಂದು ಲೆನ್ಸ್ ತಯಾರಕರು ಕರೆಯುವುದು ಸಾಮಾನ್ಯವಾಗಿ ಇದನ್ನೇ. ಬಿಂಬ 5 ಮಿ.ಮೀ. ಆದರೆ 1:2, ಅಂದರೆ ಅರ್ಧ, 20 ಮಿ.ಮೀ. ಆದರೆ 2:1, ಅಂದರೆ ಎರಡು ಪಟ್ಟು.

ಮೊಬೈಲಿಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅದರ ಸೆನ್ಸರ್ ಬೆರಳಿನ ಉಗುರಿಗಿಂತ ಚಿಕ್ಕದು. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಚಿತ್ರದ ಈ ಅಂಚಿನಿಂದ ಆ ಅಂಚಿಗೆ ಎಷ್ಟು ಮಿ.ಮೀ. ಜಾಗ ಹಿಡಿಸುತ್ತದೆ? ತಿಳಿಯುವುದು ಸುಲಭ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಮೇಜಿನ ಮೇಲಿಟ್ಟು, ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಹೋಗಿ, ಅಡ್ಡಕ್ಕೆ ಒಂದು ಫೋಟೊ ತೆಗೆದು ಗೆರೆ ಎಣಿಸಿ. 36 ಗೆರೆ ಹಿಡಿಸಿದರೆ ನಿಮ್ಮ ಮೊಬೈಲು ದೊಡ್ಡ ಫುಲ್‌ಫ್ರೇಮ್ ಕ್ಯಾಮೆರಾದ 1:1ಕ್ಕೆ ಸಮವಾದ ಚಿತ್ರ ಕೊಡುತ್ತಿದೆ, ಏಕೆಂದರೆ ಆ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. 20 ಗೆರೆ ಮಾತ್ರ ಹಿಡಿಸಿದರೆ ಇನ್ನೂ ಒಳ್ಳೆಯದು. ಚಗಳಿ ಅರ್ಧ ಚಿತ್ರ ತುಂಬುತ್ತದೆ.

## ಹತ್ತಿರವಾದಂತೆ ಕೈತಪ್ಪುವುದು ಏನು?

ಮೊದಲು ಕೈತಪ್ಪುವುದು ಆಳ. ಯಾವ ಫೋಟೊದಲ್ಲೂ ಸ್ಪಷ್ಟವಾಗಿ ಕಾಣುವ ಭಾಗಕ್ಕೆ ಒಂದು ದಪ್ಪ ಇರುತ್ತದೆ. ಅದರ ಮುಂದೆ, ಹಿಂದೆ ಇರುವುದು ಮಸುಕಾಗುತ್ತದೆ. ಮದುವೆ ಚಪ್ಪರದ ಗುಂಪು ಫೋಟೊದಲ್ಲಿ ಈ ದಪ್ಪ ಹಲವು ಮೀಟರು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 1:1ಕ್ಕೆ ಹೋಗಿ, ಲೆನ್ಸಿನೊಳಗಿನ ಬೆಳಕಿನ ಕಂಡಿಯನ್ನು, ಅಂದರೆ ಅಪರ್ಚರನ್ನು, ಎಫ್ 8ಕ್ಕೆ ಇಟ್ಟರೆ ಅದು ಸುಮಾರು 1 ಮಿ.ಮೀ. ಮಾತ್ರ. ಒಂದು ನೀರುದೋಸೆಯ ದಪ್ಪ. ಆ ದೋಸೆಯೊಳಗೆ ಸಿಕ್ಕಿದ್ದು ಸ್ಪಷ್ಟ, ಉಳಿದದ್ದೆಲ್ಲ ಮಂಜು. 2:1ಕ್ಕೆ ಹೋದರೆ 0.4 ಮಿ.ಮೀ.ಗಿಂತಲೂ ಕಡಿಮೆಯಾಗುತ್ತದೆ. 1:2ರಲ್ಲೇ ನಿಂತರೆ ಸುಮಾರು 3 ಮಿ.ಮೀ. ಸಿಗುತ್ತದೆ. ಹೊಸಬರು ಅರ್ಧ ಅನುಪಾತದಿಂದಲೇ ಶುರುಮಾಡುವುದು ಒಳ್ಳೆಯದು ಎನ್ನುವುದು ಇದಕ್ಕೇ.

ಅಪರ್ಚರಿನ ಸಂಖ್ಯೆ ದೊಡ್ಡದಾದಷ್ಟು ಕಂಡಿ ಕಿರಿದು, ಸ್ಪಷ್ಟತೆಯ ಪದರ ದಪ್ಪ. ಹಾಗಿದ್ದರೆ ಎಫ್ 22 ಇಟ್ಟುಬಿಟ್ಟರಾಗದೇ? ಆಗುವುದಿಲ್ಲ. ಪಳ್ಳದ ನೀರಿನ ಅಲೆ ಕಿರಿದಾದ ಕಂಡಿಯಲ್ಲಿ ನುಗ್ಗಿ ಆಚೆ ಬಂದ ಕೂಡಲೇ ಬೀಸಣಿಗೆಯಂತೆ ಹರಡುತ್ತದಲ್ಲ, ಬೆಳಕೂ ಹಾಗೆಯೇ. ಕಂಡಿ ತೀರಾ ಕಿರಿದಾದರೆ ಹರಡಿಕೊಂಡು ಇಡೀ ಚಿತ್ರವನ್ನು ಮೆತ್ತಗಾಗಿಸುತ್ತದೆ. ಮ್ಯಾಕ್ರೊದಲ್ಲಿ ಇದು ಬೇಗ ಆಗುತ್ತದೆ. 1:1ರಲ್ಲಿ ನೀವು ಎಫ್ 16 ಎಂದು ಇಟ್ಟದ್ದು ಎಫ್ 32ರಂತೆ ವರ್ತಿಸುತ್ತದೆ. ಆದ್ದರಿಂದ ಎಫ್ 8 ಮತ್ತು ಎಫ್ 11ರ ನಡುವೆ ಇರುವುದು ಕ್ಷೇಮ.

ಎರಡನೆಯದು ಬೆಳಕು. ಟಾರ್ಚನ್ನು ಗೋಡೆಗೆ ಹಿಡಿದು ಹಿಂದೆ ಹಿಂದೆ ನಡೆಯಿರಿ. ಬೆಳಕಿನ ವೃತ್ತ ದೊಡ್ಡದಾಗುತ್ತದೆ, ಮಂಕಾಗುತ್ತದೆ. ಲೆನ್ಸು ಸೆನ್ಸರಿನಿಂದ ದೂರ ಸರಿದಾಗ ಬಿಂಬಕ್ಕೂ ಇದೇ ಗತಿ. 1:1ರಲ್ಲಿ ಸೆನ್ಸರಿಗೆ ತಲುಪುವುದು ನಾಲ್ಕನೇ ಒಂದು ಪಾಲು ಬೆಳಕು. ಇದರ ಜೊತೆಗೆ ಕಂಡಿಯನ್ನೂ ಕಿರಿದಾಗಿಸಿದ್ದೀರಿ, ಜೊತೆಗೆ ನಿಮ್ಮ ತಲೆಯ ನೆರಳೂ ಇದೆ. ಕಂಗಿನ ತೋಟದ ಒಳಗಂತೂ ಜುಲೈ ತಿಂಗಳ ನಡುಹಗಲೂ ಮುಸ್ಸಂಜೆಯಂತಿರುತ್ತದೆ.

ಇನ್ನೊಂದು, ಅಲುಗಾಟ. ಚಿತ್ರ ಹಿಗ್ಗಿದಷ್ಟೇ ಕೈನಡುಕವೂ ಹಿಗ್ಗುತ್ತದೆ. ನಾವು ಗಾಳಿಯಿಲ್ಲ ಎನ್ನುವ ಹೊತ್ತಿನಲ್ಲೂ ಹುಲ್ಲಿನ ತುದಿ ಒಂದೆರಡು ಮಿ.ಮೀ. ತೂಗುತ್ತಿರುತ್ತದೆ. ಅಂದರೆ ಎರಡು ನೀರುದೋಸೆಯಷ್ಟು. ಫೋಕಸ್ ಆದ ಮರುಕ್ಷಣ ಹುಳ ದೋಸೆಯಿಂದ ಹೊರಗೆ!

ಮುಂದೆ ಹೇಳುವ ಪ್ರತಿಯೊಂದು ಉಪಾಯವೂ ಈ ಮೂರರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ವ್ಯಾಪಾರವೇ.

## ಮೊಬೈಲಿನಲ್ಲಿ ಆಗುವುದೆಷ್ಟು?

ಮೊಬೈಲಿನ ಮ್ಯಾಕ್ರೊ ಎರಡು ಬಗೆ. ದುಬಾರಿ ಫೋನುಗಳಲ್ಲಿ ಅಗಲ ನೋಟದ ಕ್ಯಾಮೆರಾವೇ 2–4 ಸೆಂ.ಮೀ. ವರೆಗೆ ಹತ್ತಿರ ಹೋಗಿ ತಾನಾಗಿ ಫೋಕಸ್ ಮಾಡುತ್ತದೆ. ಅಗ್ಗದವುಗಳಲ್ಲಿ 2 ಮೆಗಾಪಿಕ್ಸೆಲಿನ ಪ್ರತ್ಯೇಕ ಕಣ್ಣೊಂದಿದ್ದು, ಅದರ ಫೋಕಸ್ ಸುಮಾರು 4 ಸೆಂ.ಮೀ. ದೂರಕ್ಕೆ ಕಟ್ಟಿಹಾಕಿದಂತಿರುತ್ತದೆ. ಅಲ್ಲಿ ಪರದೆ ಎಷ್ಟು ತಟ್ಟಿದರೂ ಏನೂ ಬದಲಾಗುವುದಿಲ್ಲ; ಫೋನನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಸಬೇಕು. ಇಂಥ ಫೋನಿನಲ್ಲಿ ಮ್ಯಾಕ್ರೊ ಬಿಟ್ಟು, ಮುಖ್ಯ ಕ್ಯಾಮೆರಾದಲ್ಲೇ 10–12 ಸೆಂ.ಮೀ. ದೂರದಿಂದ 2 ಪಟ್ಟು ಜೂಮ್ ಮಾಡಿ ತೆಗೆದರೆ ಎಷ್ಟೋ ಸಲ ಹೆಚ್ಚು ಚೆನ್ನಾಗಿ ಬರುತ್ತದೆ. ನೆರಳೂ ಬೀಳುವುದಿಲ್ಲ.

ಲೆನ್ಸ್ ಮೊದಲು ಒರೆಸಿ. ಜೇಬಿನ ಎಣ್ಣೆಪಸೆ ಹತ್ತಿರದ ಚಿತ್ರದಲ್ಲಿ ಮಂಜಾಗಿ ಕೂರುತ್ತದೆ. ಹುಳದ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸನ್ನು ಅಲ್ಲೇ ಬೀಗ ಹಾಕಿ, ಉಸಿರು ಬಿಡುತ್ತಾ ಮೆಲ್ಲಗೆ ದೇಹವನ್ನು ಮುಂದಕ್ಕೆ ಬಾಗಿಸುತ್ತಾ ಹತ್ತು ಹದಿನೈದು ಚಿತ್ರ ಒಂದೇ ಸವನೆ ತೆಗೆಯಿರಿ. ಒಂದೆರಡರಲ್ಲಾದರೂ ಕಣ್ಣು ಪದರದೊಳಗೆ ಬಿದ್ದಿರುತ್ತದೆ. ಮೊಣಕೈಯನ್ನು ಮೊಣಕಾಲಿಗೋ ಮರಕ್ಕೋ ಊರಿದರೆ ನಡುಕ ಅರ್ಧ ನಿಲ್ಲುತ್ತದೆ.

ಕ್ಲಿಪ್ಪಿನಂತೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸುಗಳು ಕೆಲವು ನೂರು ರೂಪಾಯಿಗೇ ಸಿಗುತ್ತವೆ. ಅದು ಗಡಿಯಾರ ರಿಪೇರಿಯವರ ಭೂತಗನ್ನಡಿಯ ತಮ್ಮ, ಅಷ್ಟೆ. 10 ಪಟ್ಟು ಎಂದು ಬರೆದದ್ದಾದರೆ ವಸ್ತು 2–3 ಸೆಂ.ಮೀ. ದೂರದಲ್ಲಿರಬೇಕು. ಚಿತ್ರದ ನಡುಭಾಗ ಚೆನ್ನಾಗಿರುತ್ತದೆ, ಅಂಚು ಕದಡಿರುತ್ತದೆ. ಹುಳವನ್ನು ನಡುವೆ ಇಟ್ಟು ಅಂಚನ್ನು ಕತ್ತರಿಸಿಬಿಡಬಹುದು. ಒಂದೇ ಒಂದು ಗಾಜಿನಿಂದ ಏನು ಕಾಣಬಹುದು ಎಂಬ ಅನುಮಾನ ಬೇಡ: 17ನೇ ಶತಮಾನದಲ್ಲಿ ಆಂಟೊನಿ ವಾನ್ ಲೇವೆನ್‌ಹುಕ್ ಎಂಬ ಡಚ್ ಬಟ್ಟೆ ವ್ಯಾಪಾರಿ ಮಣಿಯಷ್ಟು ಚಿಕ್ಕ ಒಂಟಿ ಲೆನ್ಸಿನಿಂದಲೇ ಸೂಕ್ಷ್ಮಜೀವಿಗಳನ್ನು ಕಂಡ.

## ಕ್ಯಾಮೆರಾ ಇದ್ದವರಿಗೆ: ತಿರುಗಿಸಿದ ಲೆನ್ಸು

ಮ್ಯಾಕ್ರೊ ಲೆನ್ಸು ಕೊಳ್ಳುವ ಮೊದಲು ಮನೆಯಲ್ಲಿರುವ ಲೆನ್ಸನ್ನೇ ಹಿಂದುಮುಂದಾಗಿ ಹಾಕಿ ನೋಡಬಹುದು. ಮಾಮೂಲಿ ಲೆನ್ಸು ಮಾಡುವ ಕೆಲಸ ದೊಡ್ಡ ಲೋಕವನ್ನು ಚಿಕ್ಕ ಸೆನ್ಸರಿಗೆ ಇಳಿಸುವುದು. ತಿರುಗಿಸಿದರೆ ಚಿಕ್ಕದನ್ನು ದೊಡ್ಡದು ಮಾಡುತ್ತದೆ. ಬೇಕಾದದ್ದು ರಿವರ್ಸ್ ರಿಂಗ್ ಎಂಬ ಅಲ್ಯುಮಿನಿಯಂ ಬಳೆ. ಅದರ ಒಂದು ಬದಿ ಕ್ಯಾಮೆರಾಕ್ಕೆ, ಇನ್ನೊಂದು ಬದಿ ಲೆನ್ಸಿನ ಮುಂಭಾಗದಲ್ಲಿ ಫಿಲ್ಟರ್ ಕೂರಿಸುವ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಕೂರುತ್ತದೆ. ಮರೆಯ ಅಳತೆ ಲೆನ್ಸಿನ ಮುಂದೆಯೇ 52, 55, 58 ಎಂದು ಕೊರೆದಿರುತ್ತದೆ; ಅದನ್ನು ನೋಡಿ ತರಿಸಬೇಕು.

ಫೋಕಲ್ ಲೆಂತ್, ಅಂದರೆ ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ, ಕಡಿಮೆಯಾದಷ್ಟೂ ಹಿಗ್ಗುವಿಕೆ ಹೆಚ್ಚು. 50 ಮಿ.ಮೀ. ಲೆನ್ಸು ತಿರುಗಿಸಿದರೆ ಸುಮಾರು 1:1, 28 ಮಿ.ಮೀ. ಆದರೆ ಸುಮಾರು 2:1. ಕ್ಯಾಮೆರಾದ ಜೊತೆ ಬರುವ 18–55 ಲೆನ್ಸನ್ನು 18ಕ್ಕೆ ತಿರುಗಿಸಿಟ್ಟರೆ 3 ಪಟ್ಟಿಗೂ ಮೇಲೆ ಹೋಗುತ್ತದೆ, ಹೊಸಬರು ಅಲ್ಲಿ ಏನನ್ನೂ ಹುಡುಕಿಕೊಳ್ಳಲಾರರು. 55ರಿಂದಲೇ ಶುರುಮಾಡಿ. ವಸ್ತು ಲೆನ್ಸಿನಿಂದ 5ರಿಂದ 9 ಸೆಂ.ಮೀ. ದೂರದಲ್ಲಿರಬೇಕು. ಫೋಕಸ್ ರಿಂಗ್ ತಿರುಗಿಸುವುದರಿಂದ ಹೆಚ್ಚೇನೂ ಆಗದು. ಇಡೀ ಕ್ಯಾಮೆರಾವನ್ನು ಮುಂದೆ ಹಿಂದೆ ತೂಗಬೇಕು.

ಎಡವಟ್ಟಾಗುವುದು ಎಲ್ಲಿ? ಲೆನ್ಸ್ ತಿರುಗಿದ ಮೇಲೆ ಕ್ಯಾಮೆರಾಕ್ಕೂ ಅದಕ್ಕೂ ಮಾತುಕತೆ ನಿಂತುಹೋಗುತ್ತದೆ, ಹಾಗಾಗಿ ಅಪರ್ಚರನ್ನು ಕ್ಯಾಮೆರಾದಿಂದ ಬದಲಿಸಲಾಗುವುದಿಲ್ಲ. ಫಿಲ್ಮ್ ಕಾಲದ, ಮೈಮೇಲೇ ಅಪರ್ಚರ್ ರಿಂಗ್ ಇರುವ ಹಳೆಯ 50 ಮಿ.ಮೀ. ಲೆನ್ಸು ಇದ್ದರೆ ಈ ತೊಂದರೆಯೇ ಇಲ್ಲ. ರಿಂಗ್ ಇಲ್ಲದ ನಿಕಾನ್ ಜಿ ಲೆನ್ಸುಗಳಲ್ಲಿ ಹಿಂಬದಿಯಲ್ಲಿ ಪುಟ್ಟ ಸನ್ನೆಕಡ್ಡಿಯೊಂದಿದೆ. ಬಿಟ್ಟರೆ ಕಂಡಿ ಪೂರ್ತಿ ಮುಚ್ಚಿಕೊಂಡು ಎಲ್ಲ ಕತ್ತಲಾಗುತ್ತದೆ. ಮಡಚಿದ ಕಾಗದದ ಚೂರನ್ನು ಸಿಕ್ಕಿಸಿ ಅದನ್ನು ಅರ್ಧದಲ್ಲಿ ನಿಲ್ಲಿಸಬೇಕು. ಕ್ಯಾನನ್ ಡಿಎಸ್‌ಎಲ್‌ಆರ್ ಲೆನ್ಸು ಬಿಚ್ಚಿದರೆ ಕಂಡಿ ಪೂರ್ತಿ ತೆರೆದೇ ಇರುತ್ತದೆ. ಲೆನ್ಸನ್ನು ನೇರವಾಗಿ ಹಾಕಿ, ಎಫ್ 8 ಆಯ್ದು, ಆಳದ ಮುನ್ನೋಟದ (ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ) ಗುಂಡಿಯನ್ನು ಒತ್ತಿಹಿಡಿದಿರುವಾಗಲೇ ಲೆನ್ಸ್ ಬಿಚ್ಚಿದರೆ ಆ ಅಳತೆ ಹಾಗೇ ನಿಲ್ಲುತ್ತದೆ. ಲೆನ್ಸೇ ಇಲ್ಲವೆಂದು ಕ್ಯಾಮೆರಾ ಷಟರ್ ಒತ್ತಗೊಡದಿದ್ದರೆ ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನುಯಲ್ ಮೋಡ್‌ಗೆ ಹಾಕಿ, ಲೆನ್ಸಿಲ್ಲದೆ ತೆಗೆಯುವ ಅನುಮತಿಯನ್ನು ಮೆನುವಿನಲ್ಲಿ ಕೊಡಿ. ಹನಿಯುವ ತೋಟದಲ್ಲಿ ಇದನ್ನು ಬಳಸಬೇಡಿ. ಹೊರಮುಖವಾದ ಹಿಂಗಾಜಿಗೆ ಯಾವ ರಕ್ಷಣೆಯೂ ಇಲ್ಲ.

ಎಕ್ಸ್‌ಟೆನ್ಷನ್ ಟ್ಯೂಬ್ ಎಂಬುದು ಗಾಜಿಲ್ಲದ ಟೊಳ್ಳು ಕೊಳವೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುತ್ತದೆ. ಅದರ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಹಿಗ್ಗುವಿಕೆ ಸೇರುತ್ತದೆಂದು ತಿಳಿಯುತ್ತದೆ: 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಕೊಳವೆ ಹಾಕಿದರೆ ಅರ್ಧ. 200 ಮಿ.ಮೀ. ಜೂಮ್ ಇರುವವರಿಗೆ ಮುಂದೆ ಸಿಕ್ಕಿಸುವ 8 ಡಯಾಪ್ಟರಿನ (ಕನ್ನಡಕದ ಪವರನ್ನು ಅಳೆಯುವ ಮಾನವೇ ಇದು) ಕ್ಲೋಸ್‌ಅಪ್ ಲೆನ್ಸು ಹೆಚ್ಚು ಅನುಕೂಲ. ಅದರಲ್ಲಿ 1.6 ಪಟ್ಟು ಸಿಗುತ್ತದೆ, ಹುಳದಿಂದ 12 ಸೆಂ.ಮೀ.ಯಷ್ಟು ದೂರವೂ ಉಳಿಯುತ್ತದೆ. ನಿಜವಾದ 100 ಮಿ.ಮೀ. ಮ್ಯಾಕ್ರೊ ಲೆನ್ಸಿಗೆ ಜನ ದುಡ್ಡು ಸುರಿಯುವುದು ಈ ದೂರಕ್ಕಾಗಿಯೇ. ಹುಳ ಹೆದರುವುದಿಲ್ಲ, ಬೆಳಕು ನುಗ್ಗಲು ಜಾಗವಿರುತ್ತದೆ.

## ಬೆಳಕನ್ನು ಮೆತ್ತಗಾಗಿಸುವುದು

ದುಂಬಿಯ ಬೆನ್ನು ಕನ್ನಡಿ. ಫ್ಲಾಶನ್ನು ನೇರ ಹೊಡೆದರೆ ಅದರ ಮೇಲೊಂದು ಬಿಳಿ ಚುಕ್ಕೆ ಸುಟ್ಟುಹೋದಂತೆ ಬೀಳುತ್ತದೆ, ಅಲ್ಲಿದ್ದ ಬಣ್ಣ ಮತ್ತೆ ಸಿಗುವುದಿಲ್ಲ. ಉಪಾಯವೆಂದರೆ ಬೆಳಕಿನ ಮೂಲವನ್ನು ಹುಳದ ಪಾಲಿಗೆ ಆಕಾಶದಷ್ಟು ಅಗಲ ಮಾಡುವುದು. ಸೇಬು ಸುತ್ತಿ ಬರುವ ಬಿಳಿ ಫೋಮ್ ಹಾಳೆಯಂಥದ್ದು, ಟ್ರೇಸಿಂಗ್ ಪೇಪರು, ತೆಳು ಬಿಳಿ ಪ್ಲಾಸ್ಟಿಕ್, ಯಾವುದಾದರೂ ಆಗುತ್ತದೆ. ಅರ್ಧ ಎ4 ಅಳತೆಯ ಹಾಳೆಯನ್ನು ಕಮಾನಿನಂತೆ ಬಗ್ಗಿಸಿ, ಫ್ಲಾಶಿನ ಮುಂದೆ, ಹುಳದಿಂದ 8–10 ಸೆಂ.ಮೀ. ಮೇಲೆ ಬರುವಂತೆ ಕಟ್ಟಿ. ಹಾಳೆಯನ್ನು ಫ್ಲಾಶಿಗೇ ಅಂಟಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಬೆಳಕಿನ ಅಗಲ ಹೆಚ್ಚುವುದೇ ಇಲ್ಲ. ಫ್ಲಾಶಿಗೂ ಹಾಳೆಗೂ ನಡುವೆ ನಾಲ್ಕು ಬೆರಳು ಖಾಲಿ ಇರಬೇಕು.

ಮನೆಯಲ್ಲೇ ಪರೀಕ್ಷಿಸಲು ಸ್ಟೀಲು ಚಮಚದ ಬೆನ್ನು ಸಾಕು. ಅದರ ಮೇಲೆ ಹೊಳಪು ಚೂಪು ಚುಕ್ಕೆಯಾಗಿ ಬಿದ್ದರೆ ದುಂಬಿಯ ಮೇಲೂ ಹಾಗೇ ಬೀಳುತ್ತದೆ. ಅಂಚು ಕರಗಿದ ಅಗಲವಾದ ಬಿಳುಪಾಗಿ ಬಿದ್ದರೆ ಹೊರಗೆ ಹೊರಡಬಹುದು.

ಆರಂಭಕ್ಕೆ ಕ್ಯಾಮೆರಾ ಮ್ಯಾನುಯಲ್, ಷಟರ್ 1/200 ಸೆಕೆಂಡು, ಎಫ್ 8ರಿಂದ 11, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 200ರಿಂದ 400, ಫ್ಲಾಶ್ ಶಕ್ತಿ 1/8 ಅಥವಾ 1/16. ಕಡಿಮೆ ಶಕ್ತಿಯಲ್ಲಿ ಫ್ಲಾಶು ಸೆಕೆಂಡಿನ ಸಾವಿರಾರನೇ ಒಂದು ಭಾಗದಷ್ಟೇ ಹೊತ್ತು ಮಿಂಚುವುದರಿಂದ ಅಲುಗಾಟವನ್ನು ತಡೆಯುವುದು ಷಟರಲ್ಲ, ಆ ಮಿಂಚೇ. ಹಿನ್ನೆಲೆ ಕಪ್ಪಾಗಿ ಬಂದರೆ ಹುಳದ ಹಿಂದೆ 5–10 ಸೆಂ.ಮೀ. ದೂರದಲ್ಲಿ ಒಂದು ಎಲೆ ಬರುವಂತೆ ಕೋನ ಬದಲಿಸಿ. ಫ್ಲಾಶಿನ ಬೆಳಕು ಅದಕ್ಕೂ ಮುಟ್ಟಿ ಹಸಿರು ಮೂಡುತ್ತದೆ.

ಫ್ಲಾಶಿಲ್ಲದವರಿಗೆ ಮೋಡದ ದಿನವೇ ದೊಡ್ಡ ಡಿಫ್ಯೂಸರ್, ಅಂದರೆ ಬೆಳಕನ್ನು ಹರಡಿ ಮೆತ್ತಗಾಗಿಸುವ ಹಾಳೆ. ಮಳೆ ಬಿಟ್ಟ ಅರೆಗಳಿಗೆ ಸಿಕ್ಕರೆ ಬಿಡಬಾರದು.

## ಎಲ್ಲಿ, ಯಾವಾಗ ಹುಡುಕುವುದು?

ಕೀಟಗಳ ಮೈಬಿಸಿ ಸುತ್ತಲ ಗಾಳಿಯನ್ನು ಅವಲಂಬಿಸಿದೆ. ಬೆಳಗಿನ ತಂಪಿನಲ್ಲಿ ಅವು ಹಾರಲಾರವು. ಸೂರ್ಯ ಏಳುವ ಅರ್ಧ ಗಂಟೆ ಮೊದಲು ಗದ್ದೆಯ ಹುಣಿಗೆ ಹೋದರೆ ಹುಲ್ಲಿನ ತುದಿಯಲ್ಲಿ ಇಬ್ಬನಿ ಹೊದ್ದ ಏರೋಪ್ಲೇನ್ ಚಿಟ್ಟೆಗಳು ಮುಟ್ಟುವಷ್ಟು ಹತ್ತಿರ ಬಿಟ್ಟುಕೊಳ್ಳುತ್ತವೆ. ಬಿಸಿಲು ಬಿದ್ದು ಸ್ವಲ್ಪ ಹೊತ್ತಿಗೆ ಆಟ ಮುಗಿಯಿತು. ಡಿಸೆಂಬರ್–ಜನವರಿ ಇದಕ್ಕೆ ಒಳ್ಳೆಯ ಕಾಲ.

ಚಗಳಿಗೆ ಹೊತ್ತು ನೋಡಬೇಕಾಗಿಲ್ಲ. ಮಾವು, ಗೇರು, ಹಲಸಿನ ಎಲೆಗಳನ್ನು ಸೇರಿಸಿ ಗೂಡು ಕಟ್ಟುವುದನ್ನು ಹತ್ತಿರದಿಂದ ನೋಡಿ: ಒಂದರ ಸೊಂಟವನ್ನು ಒಂದು ಕಚ್ಚಿ ಹಿಡಿದು ಸರಪಳಿಯಾಗಿ ಎರಡು ಎಲೆಗಳನ್ನು ಎಳೆಯುತ್ತವೆ. ಇನ್ನೊಂದು ಚಗಳಿ ತನ್ನ ಮರಿಹುಳವನ್ನು ಬಾಯಲ್ಲಿ ಹಿಡಿದು, ಆಚೆ ಎಲೆಗೂ ಈಚೆ ಎಲೆಗೂ ಮುಟ್ಟಿಸುತ್ತಾ ಅದರ ರೇಷ್ಮೆಯಿಂದ ಹೊಲಿಯುತ್ತದೆ. ಹೊಲಿಗೆ ಯಂತ್ರದ ಸೂಜಿಯಂತೆ ಮರಿಯನ್ನು ಬಳಸುವ ಈ ದೃಶ್ಯ 1:1ರಲ್ಲಿ ಚೆನ್ನಾಗಿ ಸಿಗುತ್ತದೆ. ಗೂಡಿನ ಕೊಂಬೆ ಮುಟ್ಟಬಾರದು. ಕಚ್ಚಿದ ಜಾಗಕ್ಕೆ ಆಮ್ಲ ಚಿಮುಕಿಸುತ್ತವೆ.

ಆ ಸಾಲಿನ ಬದಿಯಲ್ಲಿ ಒಂಟಿಯಾಗಿ, ತಡೆತಡೆದು ನಡೆಯುವ ‘ಚಗಳಿ’ಯೊಂದು ಕಂಡರೆ ಕಾಲು ಎಣಿಸಿ. ಎಂಟಿದ್ದರೆ ಅದು ಇರುವೆಯ ವೇಷ ತೊಟ್ಟ ಜಿಗಿಜೇಡ. ಬಣ್ಣ ಅದೇ ಕೆಂಗಂದು, ಸೊಂಟ ಅಷ್ಟೇ ಸಪೂರ, ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತದೆ. ಗಂಡಿನ ದವಡೆ ಎಷ್ಟು ಉದ್ದವೆಂದರೆ ಒಂದು ಇರುವೆ ಇನ್ನೊಂದನ್ನು ಹೊತ್ತು ನಡೆದಂತೆ ಕಾಣುತ್ತದೆ. ಬರಿಗಣ್ಣಿಗೆ ಮೋಸ ಹೋಗುವುದು ಸಹಜ. ಮುಂದಿನಿಂದ ತೆಗೆದ ಮ್ಯಾಕ್ರೊದಲ್ಲಿ ಮಾತ್ರ ಎರಡು ದೊಡ್ಡ ಗುಂಡು ಕಣ್ಣುಗಳು ಗುಟ್ಟು ಬಿಟ್ಟುಕೊಡುತ್ತವೆ. ಕ್ಯಾಮೆರಾ ಹಠಾತ್ತನೆ ಚಾಚಿದರೆ ನೂಲು ಬಿಟ್ಟು ಕೆಳಗಿಳಿದು ಮಾಯ.

ಗೆಣಸಿನ ಬಳ್ಳಿಯ ಎಲೆಗಳಲ್ಲಿ ದುಂಡು ತೂತು ಕಂಡರೆ ಅಲ್ಲೆಲ್ಲೋ ಆಮೆದುಂಬಿ ಇದೆ. ಪಾರದರ್ಶಕ ಗುರಾಣಿಯ ಕೆಳಗೆ ಹೊಳೆಯುವ ಚಿನ್ನ. ಆ ಹೊನ್ನಬಣ್ಣ ಯಾವುದೇ ವರ್ಣದ್ರವ್ಯದ್ದಲ್ಲ. ಚಿಪ್ಪಿನ ತೇವದ ಪದರಗಳು ಬೆಳಕನ್ನು ಮರಳಿಸುವ ಬಗೆಯಿಂದ ಹುಟ್ಟಿದ್ದು. ಹುಳ ಸತ್ತು ಒಣಗಿದರೆ ಚಿನ್ನ ಹೋಗಿ ಕಂದು ಉಳಿಯುತ್ತದೆ. ಜೀವಂತವಾಗಿ ಎಲೆಯ ಮೇಲಿರುವಾಗಲೇ ತೆಗೆಯದಿದ್ದರೆ ಈ ಬಣ್ಣ ಎಂದಿಗೂ ಸಿಗುವುದಿಲ್ಲ.

ಮುಜಂಟಿ ಜೇನು ಮುರಕಲ್ಲಿನ ಗೋಡೆಯ ಸಂದಿಯಲ್ಲಿ ಅಂಟುಮೇಣದ ಕೊಳವೆ ಚಾಚಿರುತ್ತದೆ. ಕೊಳವೆಯ ಬಾಯಲ್ಲಿ 4 ಮಿ.ಮೀ. ಗಾತ್ರದ ಕಾವಲುಗಾರರು ಸಾಲಾಗಿ ಮುಖ ತೋರಿಸಿ ನಿಂತಿರುತ್ತವೆ. ಕುಟುಕು ಮುಳ್ಳಿಲ್ಲದ್ದರಿಂದ ಮಕ್ಕಳಿಗೂ ಅಭ್ಯಾಸಕ್ಕೆ ಒಳ್ಳೆಯದು. ಹುಳ ತಾನಾಗಿ ಬಂದು ಒಂದೇ ಜಾಗದಲ್ಲಿ ನಿಲ್ಲುವುದರಿಂದ ಕ್ಯಾಮೆರಾವನ್ನು ಸ್ಟ್ಯಾಂಡಿನಲ್ಲಿ ಕೂರಿಸಿ, ಫೋಕಸ್ ಕಟ್ಟಿ, ಕಾಯಬಹುದು. ಮಳೆ ತಾಗದ ಜಗಲಿಯ ಬುಡದ ಹುಡಿಮಣ್ಣಿನಲ್ಲಿ ಮಲಯಾಳದವರು ಕುಳಿಯಾನ ಎನ್ನುವ ಹುಳದ ಲಾಳಿಕೆಯಂಥ ಗುಂಡಿಗಳಿರುತ್ತವೆ. ಬೆಳಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬೀಳುವಾಗ ಗುಂಡಿಯ ಒಂದು ಬದಿ ನೆರಳಾಗಿ ಆಕಾರ ಎದ್ದು ಕಾಣುತ್ತದೆ.

ಆಟಿಯ ರಾತ್ರಿಗಳಲ್ಲಿ ಪತಂಗಗಳದ್ದೇ ಹಬ್ಬ. ಜಗಲಿಯ ದೀಪದ ಹಿಂದೆ ಬಿಳಿ ಪಂಚೆ ಕಟ್ಟಿದರೆ ಸಾಕು, ಬೆಳಗಾಗುವಾಗ ಅದರ ಮೇಲೆ ತರಹೇವಾರಿ ಪತಂಗಗಳು ಕೂತಿರುತ್ತವೆ. 2012ರಿಂದ ಜುಲೈ ಕೊನೆಯ ವಾರವನ್ನು ಪತಂಗಗಳ ವಾರವೆಂದು ಆಚರಿಸುವ ರೂಢಿಯೂ ಬೆಳೆದಿದೆ. ಬೆಳಗ್ಗೆ ಹಕ್ಕಿಗಳು ಬರುವ ಮುಂಚೆ ಪಂಚೆಯನ್ನು ಮೆಲ್ಲಗೆ ಕೊಡವಿ ಪೊದೆಗೆ ಬಿಡಬೇಕು. ಹಲ್ಲಿ ತಿಂದು ಬಿಟ್ಟ ರೆಕ್ಕೆ ಸಿಕ್ಕರೆ ಎತ್ತಿಡಿ: 2:1ರಲ್ಲಿ ಅದು ಮಂಗಳೂರು ಹಂಚು ಹೊದೆಸಿದ ಮಾಡಿನಂತೆ ಕಾಣುತ್ತದೆ. ಒಂದೊಂದು ಹಂಚೂ ಸುಮಾರು 0.1 ಮಿ.ಮೀ. ಉದ್ದದ ಹುರುಪೆ. ಬೆರಳಿಗೆ ಹತ್ತುವ ಹುಡಿ ಅದೇ.

## ಕಣ್ಣಿನ ಮಟ್ಟಕ್ಕೆ ಇಳಿಯುವುದು

ನಿಂತು ಮೇಲಿನಿಂದ ತೆಗೆದ ಹುಳ ‘ಹುಳ’ವಾಗಿಯೇ ಉಳಿಯುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಲೆನ್ಸು ಇಳಿದಾಗ ಮುಖ ಕಾಣುತ್ತದೆ. ಹಳೆಯ ಅಡಿಕೆ ಹಾಳೆಯೊಂದನ್ನು ನೆಲಕ್ಕೆ ಹಾಸಿ ಮೊಣಕೈ ಊರುವುದು ಇಲ್ಲಿನ ತೋಟಗಳಿಗೆ ತಕ್ಕ ಉಪಾಯ.

ಫೋಕಸ್ ಯಾವಾಗಲೂ ಹತ್ತಿರದ ಕಣ್ಣಿನ ಮೇಲೆ. ಉಳಿದ ಮೈ ಮಂಜಾದರೂ ನೋಡುವವರು ಒಪ್ಪುತ್ತಾರೆ, ಕಣ್ಣು ಮಂಜಾದರೆ ಒಪ್ಪುವುದಿಲ್ಲ. ರೆಕ್ಕೆ ಮಡಿಸಿ ಕೂತ ಚಿಟ್ಟೆಗೆ ಲೆಕ್ಕ ಬೇರೆ: ರೆಕ್ಕೆ ಒಂದು ಹಾಳೆ, ನಮಗೆ ಸಿಕ್ಕಿರುವ ಸ್ಪಷ್ಟತೆಯೂ ಒಂದು ಹಾಳೆ. ಎರಡನ್ನೂ ಸಮಾನಾಂತರವಾಗಿ ಹಿಡಿದರೆ 1 ಮಿ.ಮೀ. ಆಳದಲ್ಲೇ ಇಡೀ ಚಿಟ್ಟೆ ಸ್ಪಷ್ಟವಾಗುತ್ತದೆ.

ಪ್ರಾರ್ಥನಾ ಕೀಟದ ಹಸಿರು ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ನೀವು ಹೋದಲ್ಲೆಲ್ಲ ನಿಮ್ಮನ್ನೇ ಹಿಂಬಾಲಿಸಿದಂತೆ ಕಾಣುತ್ತದೆ. ಅದು ಪಾಪೆಯಲ್ಲ. ಸಂಯುಕ್ತ ಕಣ್ಣಿನ ಸಾವಿರಾರು ಕೊಳವೆಗಳಲ್ಲಿ ನೇರ ನಮ್ಮತ್ತ ಮುಖಮಾಡಿದವು ಬೆಳಕನ್ನು ಒಳಗೆಳೆದುಕೊಳ್ಳುತ್ತವೆ, ಹಾಗಾಗಿ ಆ ಭಾಗ ಕಪ್ಪಾಗಿ ಕಾಣುತ್ತದೆ. ಎರಡು ಕಣ್ಣಲ್ಲೂ ಚುಕ್ಕೆ ಕಾಣುವ ಕೋನ ಹುಡುಕಿದರೆ ಕೀಟ ನಿಮ್ಮನ್ನು ನೋಡುತ್ತಿರುವ ಚಿತ್ರ ಸಿಕ್ಕಿತು.

ಒಂದೇ ಚಿತ್ರದಲ್ಲಿ ಆಳ ಸಾಲದಾದಾಗ ಹಲವು ಚಿತ್ರಗಳನ್ನು ಬೇರೆ ಬೇರೆ ಫೋಕಸಿನಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಹೆಣೆಯುತ್ತಾರೆ. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. 3 ಮಿ.ಮೀ. ಆಳದ ವಸ್ತುವಿಗೆ 1:1ರಲ್ಲಿ 0.7 ಮಿ.ಮೀ. ಹೆಜ್ಜೆಯಂತೆ ಐದಾರು ಚಿತ್ರ, 2:1ರಲ್ಲಿ ಹನ್ನೆರಡು ಹದಿಮೂರು ಬೇಕು. ಪದರಗಳು ಒಂದರ ಮೇಲೊಂದು ತುಸು ಹಾಯದಿದ್ದರೆ ನಡುವೆ ಮಸುಕು ಪಟ್ಟೆ ಬರುತ್ತದೆ. ವಸ್ತು ಅಲುಗಾಡಿದರೆ ಎರಡೆರಡು ಮೀಸೆ ಮೂಡುತ್ತವೆ. ನಿದ್ದೆಯಲ್ಲಿರುವ ಹುಳಕ್ಕೆ, ಇಲ್ಲವೇ ಜಡವಸ್ತುಗಳಿಗೆ ಮಾತ್ರ ಇದು ಹೊಂದುತ್ತದೆ.

## ಹುಳ ಸಿಗದ ದಿನ

ಚಾಲಿ ಅಡಿಕೆಯೊಂದನ್ನು ಅಡಕತ್ತರಿಯಲ್ಲಿ ನಡುವೆ ಹೋಳು ಮಾಡಿ. ಬಿಳಿಯ ಮೇಲೆ ಕೆಂಗಂದು ಎಳೆಗಳು ನದಿಯ ಕವಲುಗಳಂತೆ ಒಳಗೆ ಇಳಿದಿರುತ್ತವೆ. ಆ ಎಳೆಗಳು ಹೊರಗಿನ ಬೀಜಸಿಪ್ಪೆ ತಿರುಳಿನೊಳಗೆ ಮಡಚಿಕೊಂಡು ಹೋದ ಗೆರೆಗಳು. ದಿನವೂ ವೀಳ್ಯದ ಜೊತೆ ಬಾಯಿಗೆ ಹೋಗುವ ಇದನ್ನು ನಿಂತು ನೋಡಿದವರು ಕಡಿಮೆ. ಕತ್ತರಿಸಿದ ಮುಖವನ್ನು ಒದ್ದೆ ಬೆರಳಿನಿಂದ ಸವರಿದರೆ ಬಣ್ಣ ಗಾಢವಾಗುತ್ತದೆ. ಮುಖ ಸೆನ್ಸರಿಗೆ ಸಮಾನಾಂತರವಾಗಿರಲಿ, ಬೆಳಕು ಕಿಟಕಿಯಿಂದ ಓರೆಯಾಗಿ ಬರಲಿ.

ಕೆಸುವಿನ ಎಲೆಯ ಮೇಲೆ ನೀರು ಮಣಿಯಾಗಿ ಉರುಳುವುದು, ಎಲೆಯ ಮೇಲಿನ ಮೇಣದ ಅತಿಸೂಕ್ಷ್ಮ ಗುಬುಟುಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ. ಹನಿಯ ಅಡಿ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದು ಆ ಗಾಳಿಯ ಪದರದಿಂದ ಮರಳಿದ ಬೆಳಕು. ಹುಲ್ಲಿನ ತುದಿಯಲ್ಲಿ ತೂಗುವ ಹನಿಯಾದರೆ ಅದೇ ಒಂದು ಲೆನ್ಸು. ಅದರ ಹಿಂದೆ 5–8 ಸೆಂ.ಮೀ. ದೂರದಲ್ಲಿ ಕೆಂಪು ದಾಸವಾಳ ಹಿಡಿಸಿ: ಹನಿಯೊಳಗೆ ಹೂ ತಲೆಕೆಳಗಾಗಿ ಮೂಡುತ್ತದೆ. ಫೋಕಸ್ ಹನಿಯ ಅಂಚಿಗಲ್ಲ, ಒಳಗಿನ ಹೂವಿಗೆ. ಹೂವನ್ನೇ ತಲೆಕೆಳಗಾಗಿ ಹಿಡಿದರೆ ಹನಿಯಲ್ಲಿ ನೇರವಾಗಿ ಕಾಣುತ್ತದೆ.

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಗಾಜಿನ ತಟ್ಟೆಯಲ್ಲಿ ಒಂದು ಚಮಚ ತೆಳ್ಳಗೆ ಹರಡಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು, ಪೂರ್ತಿ ಬೆಳ್ಳಗಾಗುವ ಮೊದಲೇ ತೆಗೆಯಿರಿ. ಅಂಚಿನಲ್ಲಿ ಬೆಳೆಯುತ್ತಿರುವ ಹರಳುಗಳಿಗೆ ಕೆಳಗಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ಫ್ರೀಜರಿನಲ್ಲಿಟ್ಟರೆ ಅವಸರಕ್ಕೆ ಹೆಪ್ಪುಗಟ್ಟಿ ಬರೀ ಬಿಳಿ ಮುದ್ದೆಯಾಗುತ್ತದೆ.

ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟ ತೆರೆದು, ಮುಂದೆ ಮಕ್ಕಳ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಹಿಡಿದು, ಪೋಲರಾಯ್ಡ್ ತಂಪುಕನ್ನಡಕವನ್ನು ಕ್ಯಾಮೆರಾದ ಮುಂದಿಟ್ಟು ನಿಧಾನವಾಗಿ ತಿರುಗಿಸಿ. ಪರದೆ ಕಪ್ಪಾಗುವ ಕೋನದಲ್ಲಿ ಸ್ಕೇಲಿನೊಳಗೆ ಕಾಮನಬಿಲ್ಲು ಎದ್ದುಬರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದಾಗ ಪ್ಲಾಸ್ಟಿಕ್ಕಿನೊಳಗೆ ಉಳಿದ ಬಿಗಿತದ ನಕ್ಷೆ ಅದು.

## ಗುರುತಿಗಾಗಿ ತೆಗೆಯುವಾಗ

ತೆಂಗು, ಕಂಗಿನ ಪೀಡೆಯೆಂದು ಅನುಮಾನವಿದ್ದು ಕೃಷಿ ಕಚೇರಿಗೋ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಗೋ ತೋರಿಸುವುದಿದ್ದರೆ ಅಂದದ ಒಂದು ಫೋಟೊ ಸಾಲದು. ಮೇಲಿನಿಂದ, ಬದಿಯಿಂದ, ಮುಖದ ಕಡೆಯಿಂದ ಒಂದೊಂದು; ಹುಳ ಮಾಡಿದ ಹಾನಿಯದ್ದೊಂದು; ಪಕ್ಕದಲ್ಲಿ ಸ್ಕೇಲಿಟ್ಟು ಒಂದು. ಕುರುವಾಯಿ ದುಂಬಿಯ ಕೊಂಬು, ಕೆಂಪು ಮೂತಿಹುಳುವಿನ ಮೂತಿ ಬದಿಯಿಂದ ತೆಗೆದಾಗಲೇ ತಿಳಿಯುವುದು.

ಚಿತ್ರಕ್ಕಾಗಿ ಹುಳವನ್ನು ಫ್ರಿಜ್ಜಿನಲ್ಲಿಡುವುದು, ಅಂಟು ಹಚ್ಚುವುದು, ಗೂಡು ಬಿಡಿಸುವುದು ತಪ್ಪು. ಚಳಿಗೆ ಮರಗಟ್ಟಿದ ಹುಳದ ಕಾಲು, ಮೀಸೆಗಳು ಒಳಕ್ಕೆ ಮುದುಡಿರುತ್ತವೆ, ತಿಳಿದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಂಬಳಿಹುಳವನ್ನು ಬರಿಗೈಯಲ್ಲಿ ಸರಿಸಬೇಡಿ. ಎಲೆ ಎತ್ತುವ ಮೊದಲು ಅಡಿಯಲ್ಲಿ ಕಣಜದ ಗೂಡಿಲ್ಲವೆಂದು, ಮಂಡಿಯೂರುವ ಮೊದಲು ತರಗೆಲೆಯಲ್ಲಿ ಹಾವಿಲ್ಲವೆಂದು ನೋಡಿಕೊಳ್ಳಿ.

## ಮಳೆಗಾಲದಲ್ಲಿ ಲೆನ್ಸು ಉಳಿಸಿಕೊಳ್ಳುವುದು

ಕರಾವಳಿಯ ತೇವದಲ್ಲಿ ಲೆನ್ಸಿನೊಳಗೆ ಬೂಸ್ಟು ಬೆಳೆಯುತ್ತದೆ. ಮೊದಲು ಒಂದು ಚುಕ್ಕೆ, ಆಮೇಲೆ ಜೇಡರ ಬಲೆಯಂಥ ಎಳೆ, ಕೊನೆಗೆ ಗಾಜಿನ ಲೇಪವನ್ನೇ ತಿಂದುಬಿಡುತ್ತದೆ. ಚರ್ಮದ ಚೀಲ, ಬಟ್ಟೆಯ ಬ್ಯಾಗು, ಗೋದ್ರೇಜ್ ಕಪಾಟು ಯಾವುದೂ ಕ್ಷೇಮವಲ್ಲ. ಅಡುಗೆಮನೆಯ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಲು ಕಿಲೋ ಸಿಲಿಕಾ ಜೆಲ್ ಬಟ್ಟೆಯಲ್ಲಿ ಕಟ್ಟಿಟ್ಟು, ಜೊತೆಗೆ ತೇವ ಅಳೆಯುವ ಪುಟ್ಟ ಮೀಟರ್ ಇಡಿ. ಮೀಟರ್ 40ರಿಂದ 50 ಪ್ರತಿಶತದೊಳಗೆ ತೋರಿಸಬೇಕು. ಅದಕ್ಕಿಂತ ತೀರಾ ಒಣಗಿದರೆ ಲೆನ್ಸಿನ ರಬ್ಬರಿಗೆ, ಗ್ರೀಸಿಗೆ ಒಳ್ಳೆಯದಲ್ಲ. ನೀಲಿ ಜೆಲ್ ಗುಲಾಬಿಗೆ ತಿರುಗಿದಾಗ, ಕೇಸರಿಯದ್ದು ಹಸಿರಾದಾಗ, ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ತೋಟದಿಂದ ಒದ್ದೆಯಾಗಿ ಬಂದ ಕ್ಯಾಮೆರಾವನ್ನು ನೇರ ಡಬ್ಬಿಗೆ ತುಂಬದೆ, ಒಣ ಬಟ್ಟೆಯಿಂದ ಒರೆಸಿ ಫ್ಯಾನಿನಡಿಯಲ್ಲಿ ಒಂದು ಗಂಟೆ ಬಿಟ್ಟು ಆಮೇಲೆ ಮುಚ್ಚಳ ಹಾಕಿ.